ಕೆಂಪು ಕ್ಯಾನು, ನೀಲಿ ಪೀಪಾಯಿ

೩ ಡಿಸೆಂಬರ್ ೧೯೫೭, ಮಂಗಳವಾರ

ಎರಡು ದಿನದಿಂದ ಮೂಗಿನಲ್ಲಿ ಅದೇ ವಾಸನೆ. ಸೀರೆ ಒಗೆದೆ, ಸೀಗೇಪುಡಿ ಹಾಕಿ ತಲೆಗೆ ನೀರು ಹುಯ್ದುಕೊಂಡೆ, ಹೋಗಲಿಲ್ಲ.

ಇವರು ದೊಡ್ಡಾಸ್ಪತ್ರೆಯಲ್ಲಿದ್ದಾರೆ. ಎರಡೂ ಕೈ ಬೆರಳ ತುದಿಯಿಂದ ಮೊಣಕೈಯ ಹತ್ತಿರದವರೆಗೆ ಸುಟ್ಟಿವೆ. ಎದೆಯ ಮೇಲೂ ಅಂಗೈಯಗಲ. ಮುಖ ಉಳಿದದ್ದು ನಮ್ಮ ಪುಣ್ಯ. "ಜೀವಕ್ಕೇನೂ ಭಯ ಇಲ್ಲ ಕಣಮ್ಮ. ಕೈ ಮೊದಲಿನ ಹಾಗಾಗೋಕೆ ಮಾತ್ರ ಬಹಳ ಕಾಲ ಬೇಕು" ಎಂದರು ಡಾಕ್ಟರು.

ಆದದ್ದನ್ನು ಒಂದು ಸಲ ಬರೆದುಬಿಡುತ್ತೇನೆ. ಆಮೇಲಾದರೂ ಕಣ್ಣು ಮುಚ್ಚಿದಾಗ ಅದು ಬಾರದಿರಲಿ.

ಭಾನುವಾರ ಸಂಜೆ ಮೊದಲನೇ ಆಟಕ್ಕೆ ಜನ ಸೇರುತ್ತಿದ್ದರು. ಯಡಿಯೂರು ಕೆರೆಯಾಚೆಯ ಈ ಬಯಲಿಗೆ ಇನ್ನೂ ಕರೆಂಟು ಬಂದಿಲ್ಲ. ಇವರ ಟೆಂಟಿನಲ್ಲಿ ಸಿನಿಮಾ ಓಡುವುದು ಎಂಜಿನ್ನಿನ ಬಲದಿಂದ. ಅದನ್ನು ಶುರು ಮಾಡಲು ಪೆಟ್ರೋಲ್ ಬೇಕು, ಬಿಸಿಯಾದ ಮೇಲೆ ಸೀಮೆಎಣ್ಣೆಯಲ್ಲಿ ನಡೆಯುತ್ತದೆ. ಎರಡನ್ನೂ ತರುತ್ತಿದ್ದುದು ಒಂದೇ ಥರದ ಹಳೇ ತಗಡಿನ ಡಬ್ಬಗಳಲ್ಲಿ, ಬಾಯಿಗೆ ಬಟ್ಟೆ ಸುತ್ತಿದ ಮರದ ಬಿರಡೆ. ಯಾವುದರಲ್ಲಿ ಯಾವುದಿದೆ ಎಂದು ಇವರು ಮೂಸಿ ಹೇಳುತ್ತಿದ್ದರು. ಭಾನುವಾರ ಇವರಿಗೆ ನೆಗಡಿ. ಟಿಕೆಟ್ ಕಿಂಡಿಯ ಮುಂದಿನ ಗ್ಯಾಸ್‌ಲೈಟಿಗೆ ಸೀಮೆಎಣ್ಣೆ ಎಂದುಕೊಂಡು ಪೆಟ್ರೋಲ್ ಹುಯ್ದರು. ಕಡ್ಡಿ ಗೀರಿದರು.

ಎಂಜಿನ್ನು, ಪ್ರೊಜೆಕ್ಟರು ಎರಡನ್ನೂ ನೋಡಿಕೊಳ್ಳುವ ಗುಂಡಣ್ಣ ಒದ್ದೆ ಗೋಣಿಚೀಲ ತಂದು ಇವರ ಮೇಲೆ ಬಿದ್ದು ಆರಿಸಿದ. ಟೆಂಟಿಗೆ ಬೆಂಕಿ ತಗಲಲಿಲ್ಲ. ತಗಲಿದ್ದರೂ ನಾನು ಅದಕ್ಕಾಗಿ ಅಳುತ್ತಿರಲಿಲ್ಲ.

೫ ಡಿಸೆಂಬರ್, ಗುರುವಾರ

ಅಣ್ಣ ವೆಂಕಟಾಚಲ ಮಲ್ಲೇಶ್ವರದಿಂದ ಬಂದಿದ್ದ. ಕಾಫಿಗೆ ಮುಂಚೆಯೇ ವಿಷಯಕ್ಕೆ ಬಂದ.

"ಮಾರಿಬಿಡು ಅಮ್ಮಣ್ಣಿ. ಚನ್ನಬಸವಯ್ಯನವರು ಅಂತ ಇದಾರೆ, ಮೈಸೂರು ರಸ್ತೆ ಕಡೆ ಎರಡು ಟೆಂಟು ನಡೆಸ್ತಾರೆ. ಅವರ ಹತ್ರ ಮಾತಾಡಿದೀನಿ. ಎಂಜಿನ್ನು, ಮಿಷನ್ನು, ಲೈಸೆನ್ಸು, ಎಲ್ಲಾ ಸೇರಿಸಿ ತಗೋತಾರೆ."

"ಇವರು ಒಪ್ಪಬೇಕಲ್ಲ ಅಣ್ಣ."

"ಭಾವನ ಕೈ ನೋಡಿದ್ಯಾ? ಒಪ್ಪದೆ ಏನ್ಮಾಡ್ತಾರೆ?"

ನಾನು ಆಗಲಿ ಎಂದೆ. ಮನಸ್ಸಿನ ಮೇಲಿದ್ದ ಬಂಡೆ ಸರಿದಂತಾಯಿತು. ಮದುವೆಯಾದ ಹೊಸದರಲ್ಲೇ ಈ ಕಸುಬು ನನಗೆ ಹಿಡಿಸಿರಲಿಲ್ಲ. ಎಂಜಿನ್ನಿನ ಹತ್ತಿರ ಹೋದವಳೇ ಅಲ್ಲ ನಾನು.

೬ ಡಿಸೆಂಬರ್, ಶುಕ್ರವಾರ

ಇವರಿಗೆ ಹೇಳಿದೆ. ಗೋಡೆಯ ಕಡೆ ತಿರುಗಿಕೊಂಡು "ನಿನ್ನಿಷ್ಟ" ಎಂದರು. ಗಂಜಿ ಕುಡಿಸಿ ಬಂದೆ.

೯ ಡಿಸೆಂಬರ್, ಸೋಮವಾರ

ಬೆಂಕಿಯಾದಂದಿನಿಂದ ಆಟ ನಿಂತಿದೆ. ಇವತ್ತು ಟೆಂಟುಗಳ ಲೈಸೆನ್ಸು ನೋಡುವ ಅಧಿಕಾರಿ ತಿರುಮಲೇಶ ಎನ್ನುವವರು ಜೀಪಿನಲ್ಲಿ ಬಂದರು. ಗುಂಡಣ್ಣ ಓಡಿ ಬಂದು ನನ್ನನ್ನು ಕರೆದುಕೊಂಡು ಹೋದ. ಅವರದು ಗದರುವ ಗಂಟಲಲ್ಲ, ಆದರೆ ಕಣ್ಣು ಎಲ್ಲವನ್ನೂ ನೋಡುತ್ತಿತ್ತು. ತೆರೆಯ ಹಿಂದೆ ಉಳಿದಿದ್ದ ಎರಡು ಡಬ್ಬಗಳ ಮುಂದೆ ನಿಂತರು.

"ಇದ್ರಲ್ಲಿ ಪೆಟ್ರೋಲ್ ಯಾವ್ದು?"

ಗುಂಡಣ್ಣ ಬಗ್ಗಿ ಮೂಸಲು ಹೋದ.

"ಮೂಸಬೇಡಿ. ನೋಡಿ ಹೇಳಿ."

ಅವನು ಒಂದು ಡಬ್ಬ ನೋಡಿದ, ಇನ್ನೊಂದು ನೋಡಿದ. ಎರಡೂ ಒಂದೇ ಥರ.

"ಅಮ್ಮ, ಸಂಕ್ರಾಂತಿ ಒಳಗೆ ಇದೆಲ್ಲ ಸರಿಯಾಗ್ಬೇಕು. ಪೆಟ್ರೋಲು, ಸೀಮೆಎಣ್ಣೆ ತರೋದು ಹೇಗೆ, ಇಡೋದು ಎಲ್ಲಿ, ನಾನು ಬಂದು ನೋಡ್ತೀನಿ. ಆಗ್ಲಿಲ್ಲ ಅಂದ್ರೆ ಲೈಸೆನ್ಸ್ ರದ್ದು ಮಾಡಿ ಅಂತ ಬರೀಲೇಬೇಕಾಗತ್ತೆ."

"ನಾವು ಮಾರ್ತಾ ಇದೀವಿ ಸಾರ್."

"ರದ್ದಾದ ಲೈಸೆನ್ಸ್ ಯಾರಮ್ಮ ಕೊಂಡ್ಕೋತಾರೆ? ಬಟ್ಟೆ, ಬೊಂಬು ಕೊಂಡ್ಕೋಬಹುದು ಅಷ್ಟೆ."

ಅವರು ಹೇಳಿದ್ದು ನಿಜ. ಮಾರಬೇಕಾದರೂ ಮೊದಲು ಇದು ಜೀವಂತವಾಗಿರಬೇಕು.

೧೦ ಡಿಸೆಂಬರ್, ಮಂಗಳವಾರ

ಆ ಎರಡು ಡಬ್ಬಗಳನ್ನು ಹಾಗೇ ಬಿಡಲು ಮನಸ್ಸಾಗಲಿಲ್ಲ. ಯಾರಾದರೂ ಮತ್ತೆ ತಪ್ಪು ಮಾಡಿದರೆ?

ಮಧ್ಯಾಹ್ನದ ಬಿಸಿಲಿನಲ್ಲಿ ಒಲೆ ಬೀಡಿ ಏನೂ ಇಲ್ಲದ ಕಡೆ, ಕೆರೆ ಏರಿಯ ಮೇಲೆ ಇವರ ಹಳೇ ಪಂಚೆಯ ತುಂಡು ಹಾಸಿದೆ. ಒಂದೊಂದು ಡಬ್ಬದಿಂದ ಒಂದೊಂದು ಹನಿ ಬಿಡಿಸಿದೆ. ಒಂದು ಹನಿ ನೋಡುತ್ತಿದ್ದ ಹಾಗೇ ಮಾಯವಾಯಿತು, ಬಟ್ಟೆ ಮೊದಲಿನಂತೆ ಬೆಳ್ಳಗೆ. ಇನ್ನೊಂದು ಎಣ್ಣೆಯ ಕಲೆಯಾಗಿ ಹರಡಿಕೊಂಡು ಅಲ್ಲೇ ಉಳಿಯಿತು. ಮಾಯವಾದದ್ದು ಪೆಟ್ರೋಲ್.

"ಇದು ನಂಗೂ ಗೊತ್ತಿತ್ತು ಅಮ್ಮ. ನೆನ್ನೆ ಯಾಕೋ ತಲೆ ಓಡಲಿಲ್ಲ" ಎಂದ ಗುಂಡಣ್ಣ.

ನೆನ್ನೆ ಅಧಿಕಾರಿ ಎದುರಿಗಿದ್ದರು, ಯಾರ ತಲೆ ಓಡುತ್ತಿತ್ತು ಎಂದೆ. ಅವನು ನಕ್ಕ. ಬೆಂಕಿಯಾದ ಮೇಲೆ ಅವನು ನಕ್ಕದ್ದು ಇದೇ ಮೊದಲು.

೧೬ ಡಿಸೆಂಬರ್, ಸೋಮವಾರ

ವಾರವಿಡೀ ಡಬ್ಬದ ಯೋಚನೆಯೇ. ಪೆಟ್ರೋಲಿಗೆ ಎಂಥ ಪಾತ್ರೆ ಬೇಕು? ಎಲ್ಲವನ್ನೂ ಮೊದಲು ನೀರು ತುಂಬಿ ಪರೀಕ್ಷೆ ಮಾಡಬೇಕೆಂದು ನನ್ನ ಹಟ.

ಗುಂಡಣ್ಣ ಎಲ್ಲಿಂದಲೋ ಆಸಿಡ್ ತರುವ ದೊಡ್ಡ ಗಾಜಿನ ಜಾಡಿ ತಂದ. ಸುತ್ತ ಹುಲ್ಲು ಕಟ್ಟಿ, ನೀರು ತುಂಬಿ, ಬೈರಣ್ಣನ ಎತ್ತಿನ ಗಾಡಿಯಲ್ಲಿಟ್ಟು ಜಯನಗರದ ಹೊಸ ರಸ್ತೆಯಲ್ಲಿ ಓಡಿಸಿದೆವು. ಆ ರಸ್ತೆಯಲ್ಲಿ ಇನ್ನೂ ಜಲ್ಲಿಯೇ ಹೆಚ್ಚು. ವಾಪಸು ಬರುವಷ್ಟರಲ್ಲಿ ಗಾಡಿಯೆಲ್ಲ ನೀರು. ಗಾಜು ಆಗದು.

ತಗಡಿನ ಡಬ್ಬಕ್ಕೆ ಹೊಸ ಮುಚ್ಚಳ ಬೆಸೆಸಿದೆ. ಖಾಲಿ ಡಬ್ಬವನ್ನು ಬಿಸಿಲಿಗಿಟ್ಟರೆ ಹೊಟ್ಟೆ ಉಬ್ಬಿಸಿಕೊಂಡು ಟಣ್ಣೆಂದಿತು. ನೀರು ತುಂಬಿ ಕುಲುಕಿದರೆ ಮೂಲೆಯ ಬೆಸುಗೆಯಲ್ಲಿ ಬೆವರು ಬಂತು. ಅದೂ ಆಗದು.

ಕೊನೆಗೆ ನನ್ನ ತವರಿನ ಹಿತ್ತಾಳೆ ಬಿಂದಿಗೆಗೇ ಮುಚ್ಚಳ ಮಾಡಿಸಿದರೆ ಹೇಗೆ ಎಂದು ಹೊರಗೆ ತಂದೆ. ಟೆಂಟಿಗೆ ಬರುವವರಿಗೆ ಕುಡಿಯುವ ನೀರು ತುಂಬಿಡುವ ಮಂಗಮ್ಮ ಅಲ್ಲೇ ಇದ್ದಳು.

"ಅಯ್ಯೋ ಅವ್ವಾ, ನೀರಿನ ಬಿಂದಿಗೆಗೆ ಎಣ್ಣೆ ಹುಯ್ತೀರಾ? ಆಮೇಲೆ ಅದ್ರಲ್ಲಿ ನೀರು ಯಾರ್ ಕುಡೀತಾರೆ?"

ಅವಳು ಹಾಗೆಂದಾಗ ನನ್ನ ಕಣ್ಣು ಅವಳ ಹಿಂದಿದ್ದ ನೀರಿನ ಡಬ್ಬದ ಮೇಲೆ ಬಿತ್ತು. ಅದೂ ಸೀಮೆಎಣ್ಣೆಯ ಡಬ್ಬವೇ, ಮೇಲ್ಭಾಗ ಕತ್ತರಿಸಿದ್ದು. ಒಂದು ಲೋಟ ಬಗ್ಗಿಸಿ ಬಾಯಿಗೆ ಹಾಕಿಕೊಂಡೆ. ಸೀಮೆಎಣ್ಣೆಯ ನಾತ. ನುಂಗಲಾಗಲಿಲ್ಲ. ಇಷ್ಟು ವರ್ಷ ಜನ ಇದನ್ನೇ ಕುಡಿದು ಏನೂ ಹೇಳದೆ ಹೋಗಿದ್ದಾರೆ.

ಮಂಗಮ್ಮನೂ ಒಂದು ಗುಟುಕು ಕುಡಿದು ಮುಖ ಕಿವುಚಿದಳು. "ನಾವು ದಿನಾ ಕುಡ್ದು ಕುಡ್ದು ಒಗ್ಗೋಗಿತ್ತೇನೋ" ಎಂದಳು.

ಆದ್ದರಿಂದ ಬೇಕಾದದ್ದು ಒಂದು ಪಾತ್ರೆಯಲ್ಲ. ಪೆಟ್ರೋಲಿಗೆ ಒಂದು, ಸೀಮೆಎಣ್ಣೆಗೆ ಒಂದು, ನೀರಿಗೆ ಒಂದು. ಒಂದು ಇನ್ನೊಂದರ ಹಾಗೆ ಕಾಣಲೇಬಾರದು. ಬಣ್ಣ ಮಾತ್ರ ಸಾಲದು, ಬಣ್ಣ ಕತ್ತಲಲ್ಲಿ ಕಾಣುವುದಿಲ್ಲ. ಮುಟ್ಟಿದರೆ ತಿಳಿಯಬೇಕು.

೧೯ ಡಿಸೆಂಬರ್, ಗುರುವಾರ

ಗುಂಡಣ್ಣ, ಮಂಗಮ್ಮ, ನಾನು ಕಲಾಸಿಪಾಳ್ಯದ ಹಿಂದಿನ ಗುಜರಿ ಅಂಗಡಿಗಳಿಗೆ ಹೋದೆವು. ಅಲ್ಲಿ ಹೆಂಗಸರು ಯಾರೂ ಇರಲಿಲ್ಲ. ಮೊದಲ ಅಂಗಡಿಯ ಮುಂದೆ ನಿಲ್ಲುವಾಗ ಸೆರಗು ಎಳೆದುಕೊಂಡೆ, ಮೂರನೆಯ ಅಂಗಡಿಯ ಹೊತ್ತಿಗೆ ಅದನ್ನು ಸೊಂಟಕ್ಕೆ ಸಿಕ್ಕಿಸಿ ಪೀಪಾಯಿ ಉರುಳಿಸುತ್ತಿದ್ದೆ.

ಒಂದು ಕಡೆ ಮಂಗಮ್ಮನಿಗೆ ಚೆಂದದ ಪೀಪಾಯಿ ಕಣ್ಣಿಗೆ ಬಿತ್ತು. ಹೊಸದರಂತಿತ್ತು, ಮುಚ್ಚಳ ಬಿಗಿ, ಹಿಡಿಕೆ ಗಟ್ಟಿ. "ಅವ್ವಾ, ನೀರಿಗೆ ಇದೇ ಆಗ್ಲಿ" ಎಂದಳು. ತಿರುಗಿಸಿ ನೋಡಿದರೆ ಹಿಂದೆ ಅರ್ಧ ಉಜ್ಜಿಹೋದ ತಲೆಬುರುಡೆಯ ಗುರುತು.

"ಹುಳ ಹೊಡ್ಯೋ ಔಷಧಿ ಇತ್ತು ಅಷ್ಟೇ ಅಮ್ಮ. ಬೂದಿ ಹಾಕಿ ತೊಳೆದ್ರೆ ಹೋಗತ್ತೆ. ತುಂಬಾ ಜನ ನೀರಿಗೆ ತಗೊಂಡೋಗ್ತಾರೆ" ಎಂದ ಅಂಗಡಿಯವನು.

"ಇದನ್ನ ನೀರಿಗೆ ಅಂತ ಯಾರಿಗೂ ಕೊಡ್ಬೇಡಿ ಅಣ್ಣ. ಇದಕ್ಕೊಂದು ತೂತು ಹೊಡೀರಿ."

"ತೂತು ಹೊಡೆದ್ರೆ ಯಾರಮ್ಮ ತಗೋತಾರೆ?"

"ಯಾರೂ ತಗೋಬಾರದು ಅಂತಾನೇ."

ಅವನು ನಕ್ಕು ಬೇರೆ ಗಿರಾಕಿಯ ಕಡೆ ಹೋದ. ನಾನು ಕದಲಲಿಲ್ಲ. ಬಂದವರಿಗೆಲ್ಲ ಆ ಗುರುತು ತೋರಿಸಿ ಅದರಲ್ಲಿ ಏನಿತ್ತೆಂದು ಹೇಳುತ್ತ ನಿಂತೆ. ಕೊನೆಗೆ ಅವನು ಗೊಣಗುತ್ತ ಹಾರೆ ತಂದು ತಳಕ್ಕೆ ಎರಡು ಏಟು ಹಾಕಿದ. ಆಮೇಲೆ ಅವನೇ, "ಬನ್ನಿ ಅಮ್ಮ, ನಿಮ್ಮಂಥವ್ರಿಗೆ ಒಳಗಡೆ ಮಾಲು ತೋರಿಸ್ತೀನಿ" ಎಂದು ಹಿತ್ತಲಿಗೆ ಕರೆದುಕೊಂಡು ಹೋದ.

ಅಲ್ಲಿತ್ತು ನಾನು ಹುಡುಕುತ್ತಿದ್ದುದು. ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜು ಹಾಕಿದ ಪೆಟ್ರೋಲ್ ಕ್ಯಾನುಗಳು. ದಪ್ಪ ಉಕ್ಕಿನ ಹಾಳೆ, ಚೌಕ ಭುಜ, ಪಕ್ಕೆಯಲ್ಲಿ ಒತ್ತಿದ ಗೆರೆಗಳು. ಮುಚ್ಚಳ ಕ್ಯಾನಿಗೇ ಅಂಟಿಕೊಂಡಿದೆ, ಒತ್ತಿದರೆ ಚಿಲಕದಂತೆ ಕಚ್ಚಿ ಕೂರುತ್ತದೆ. ಕಳೆದುಹೋಗುವ ಮಾತೇ ಇಲ್ಲ. ಮೇಲೆ ಒಂದರ ಪಕ್ಕ ಒಂದು ಮೂರು ಹಿಡಿಕೆ. ಮೂರು ಯಾಕೋ ಎಂದುಕೊಂಡೆ. ಮಂಗಮ್ಮ ಆ ಕಡೆಯದನ್ನು ಹಿಡಿದಳು, ನಾನು ಈ ಕಡೆಯದನ್ನು. ಎತ್ತಿದ ಮೇಲೆ ಗೊತ್ತಾಯಿತು.

ಪಕ್ಕದ ಕ್ಷೌರದಂಗಡಿಯಿಂದ ಕನ್ನಡಿ ಇಸಿದುಕೊಂಡು ಪ್ರತಿಯೊಂದು ಕ್ಯಾನಿನ ಬಾಯಿಯೊಳಗೆ ಬಿಸಿಲು ಬಿಟ್ಟು ನೋಡಿದೆ. ತುಕ್ಕು ಹಿಡಿದವನ್ನು ಪಕ್ಕಕ್ಕಿಟ್ಟೆ. ಬೆರಳಲ್ಲಿ ಬಡಿದು ಸದ್ದು ಕೇಳಿದೆ. ನಾಲ್ಕು ಆರಿಸಿದೆ. ಸೀಮೆಎಣ್ಣೆಗೆ ತಿರುಪು ಮುಚ್ಚಳದ ಎರಡು ದುಂಡನೆಯ ಪೀಪಾಯಿ. ಅವುಗಳಲ್ಲಿ ಮೊದಲು ಇದ್ದದ್ದೂ ಸೀಮೆಎಣ್ಣೆಯೇ ಎಂದು ಖಾತ್ರಿ ಮಾಡಿಕೊಂಡೆ. ನೀರಿಗೆ ಗುಜರಿಯದು ಯಾವುದೂ ಬೇಡ. ಮಾರುಕಟ್ಟೆಯಲ್ಲಿ ನಲ್ಲಿ ಇಟ್ಟ ಹೊಸ ತಾಮ್ರದ ಹಂಡೆ ಕೊಂಡೆವು.

ಗಾಡಿಯಲ್ಲಿ ಬರುವಾಗ ಮಂಗಮ್ಮ, "ಅಂಗಡಿಯವ್ನಿಗೆ ನಿಮ್ಮನ್ನ ಕಂಡ್ರೆ ಹೆದ್ರಿಕೆ ಆಗ್ಬುಡ್ತು" ಎಂದಳು. ನಾನೇನು ಹೆದರಿಸಿದೆ?

೨೧ ಡಿಸೆಂಬರ್, ಶನಿವಾರ

ನಾಲ್ಕೂ ಕ್ಯಾನಿಗೆ ನೀರು ತುಂಬಿ, ಹಳೇ ಪೇಪರಿನ ಮೇಲೆ ಬಾಯಿ ಕೆಳಗಾಗಿ ಮಲಗಿಸಿದ್ದೆ. ಬೆಳಿಗ್ಗೆ ಮೂರರ ಕೆಳಗೆ ಪೇಪರು ಒದ್ದೆ. ಉಕ್ಕಿನಲ್ಲಿ ದೋಷವಿಲ್ಲ, ಮುಚ್ಚಳದೊಳಗಿನ ರಬ್ಬರ್ ಬಳೆ ಹಳತಾಗಿ ಬಿರಿದಿದೆ. ಗುಂಡಣ್ಣ ಸೈಕಲ್ ಟ್ಯೂಬು ಕತ್ತರಿಸಿ ಹೊಸದು ಮಾಡಿಕೊಟ್ಟ. ಸಂಜೆಗೆ ಎಲ್ಲವೂ ಒಣಗಿದ್ದವು. ಅವನು ಕುಣಿದಾಡಿದ.

ನೀರಿಗೆ ಸರಿ, ಪೆಟ್ರೋಲಿಗೆ? ಟ್ಯೂಬಿನ ಒಂದು ಚೂರನ್ನು ಪೆಟ್ರೋಲ್ ಹಾಕಿದ ಸಣ್ಣ ಸೀಸೆಯಲ್ಲಿ ಮುಳುಗಿಸಿ ಬಿರಡೆ ಬಿಗಿದು ಬಯಲಿನ ಮೂಲೆಯಲ್ಲಿಟ್ಟಿದ್ದೇನೆ.

೨೬ ಡಿಸೆಂಬರ್, ಗುರುವಾರ

ಟ್ಯೂಬಿನ ಚೂರು ನೆನೆದ ಹುಣಸೆಹಣ್ಣಾಗಿದೆ. ಹಿಚುಕಿದರೆ ಕೈಗೆ ಬರುತ್ತದೆ. ಕ್ಯಾನಿಗೆ ಅದನ್ನೇ ಹಾಕಿ ಪೆಟ್ರೋಲ್ ತುಂಬಿದ್ದರೆ?

ಅಡುಗೆ ಮಾಡಲಿಲ್ಲ.

೨೭ ಡಿಸೆಂಬರ್, ಶುಕ್ರವಾರ

ಆಸ್ಪತ್ರೆಯಲ್ಲಿ ಇವರ ಹತ್ತಿರ ಕೂತು ಅದೆಲ್ಲ ಹೇಳಿಕೊಂಡೆ. ಇಷ್ಟು ದಿನ ಗೋಡೆ ನೋಡುತ್ತಿದ್ದವರು ಈ ಕಡೆ ತಿರುಗಿದರು. "ಕ್ಯಾನಿನ ಬಾಯಿ ಎಷ್ಟಗಲ?" ಎಂದು ಕೇಳಿದರು. ಬೆರಳಲ್ಲಿ ತೋರಿಸಿದೆ.

"ಲಾರಿಗೂ ಪೆಟ್ರೋಲ್ ಟ್ಯಾಂಕು ಇರತ್ತಲ್ಲ, ಅಮ್ಮಣ್ಣಿ. ಅದರ ಮುಚ್ಚಳಕ್ಕೂ ರಬ್ಬರ್ ಇರತ್ತೆ. ಅವರು ಯಾವ್ದು ಹಾಕ್ತಾರೋ ಕೇಳು."

ಇವರ ಬಾಯಿಂದ ಇಷ್ಟು ಮಾತು ಬಂದು ಎಷ್ಟು ದಿನವಾಗಿತ್ತು.

೩೦ ಡಿಸೆಂಬರ್, ಸೋಮವಾರ

ಲಾಲ್‌ಬಾಗಿನ ಹತ್ತಿರ ಲಾರಿ ರಿಪೇರಿ ಶೆಡ್ಡಿನಲ್ಲಿ ಪೆಟ್ರೋಲಿಗೆಂದೇ ಮಾಡಿದ ರಬ್ಬರ್ ಹಾಳೆ ಸಿಕ್ಕಿತು. ಮಾರುವುದಿಲ್ಲ ಎಂದರು. ಯಾಕೆ ಬೇಕೆಂದು ಹೇಳಿದೆ. ಶೆಡ್ಡಿನ ಯಜಮಾನರು ಇವರ ಟೆಂಟಿಗೆ ಸಂಸಾರ ಸಮೇತ ಬರುವವರಂತೆ. ತಾವೇ ಅಳತೆಗೆ ನಾಲ್ಕು ಬಳೆ ಕತ್ತರಿಸಿ, "ಆಟ ಯಾವಾಗ ಶುರು ಮಾಡ್ತೀರಾ?" ಎಂದರು.

"ಸಂಕ್ರಾಂತಿಗೆ" ಎಂದುಬಿಟ್ಟೆ.

ಮಾರುವವರೆಗೆ ಮಾತ್ರ ಎಂದು ಹೇಳಬೇಕಿತ್ತು. ಮರೆತೆ.

೪ ಜನವರಿ ೧೯೫೮, ಶನಿವಾರ

ಇವರು ಮನೆಗೆ ಬಂದರು. ಕೈಗಳಿಗಿನ್ನೂ ಬಟ್ಟೆ ಸುತ್ತಿದೆ. ಊಟ ನಾನೇ ಮಾಡಿಸಬೇಕು. ಬಂದವರು ಮೊದಲು ಟೆಂಟಿಗೆ ಹೋಗೋಣ ಎಂದರು.

ಹೊಸ ರಬ್ಬರು ಐದು ದಿನ ಪೆಟ್ರೋಲಿನಲ್ಲಿದ್ದರೂ ಗಟ್ಟಿಯಾಗಿಯೇ ಇದೆ. ಕ್ಯಾನುಗಳಿಗೆ ಕೆಂಪು ಬಣ್ಣ, ಪೀಪಾಯಿಗಳಿಗೆ ನೀಲಿ ಬಳಿಸಿದ್ದೇನೆ. ಟೆಂಟಿನಿಂದ ದೂರ, ಗಾಳಿಯಾಡುವ ಕಡೆ ಮಣ್ಣಿನ ಗೋಡೆಯ ಗುಡಿಸಲು. ಒಳಗೆ ದೀಪ ಒಯ್ಯುವ ಹಾಗಿಲ್ಲ. ಇವರು ಬಾಗಿಲಲ್ಲಿ ನಿಂತು ಎಷ್ಟೋ ಹೊತ್ತು ಒಳಗೆ ಬರಲಿಲ್ಲ.

"ಕಣ್ಣು ಮುಚ್ಚಿಕೊಳ್ಳಿ" ಎಂದೆ.

ತೋಳು ಹಿಡಿದು ಒಳಗೆ ಕರೆದುಕೊಂಡು ಹೋಗಿ ಮೊಣಕೈ ಒಂದಕ್ಕೆ ತಾಗಿಸಿದೆ.

"ಚೌಕ. ಪಕ್ಕೇಲಿ ಗೆರೆ ಇದೆ. ಇದು ಪೆಟ್ರೋಲು."

ಇನ್ನೊಂದಕ್ಕೆ ತಾಗಿಸಿದೆ.

"ದುಂಡಗಿದೆ. ಸೀಮೆಎಣ್ಣೆ."

ಹೊರಗೆ ಬಂದು ಹಂಡೆಗೆ ತಾಗಿಸಿದೆ. ತಾಮ್ರ ತಣ್ಣಗಿತ್ತು. ಇವರು ಕಣ್ಣು ಬಿಟ್ಟು ನಕ್ಕರು. "ನೀರು ಕೊಡು, ಬಾಯಾರಿದೆ" ಎಂದರು. ಮಂಗಮ್ಮ ಲೋಟ ಹಿಡಿದು ಕುಡಿಸಿದಳು.

೮ ಜನವರಿ, ಬುಧವಾರ

ತಿರುಮಲೇಶ ಅವರು ಬಂದು ಬಹಳ ಹೊತ್ತು ಇದ್ದರು. ಕ್ಯಾನು ಅಡ್ಡ ಮಲಗಿಸಿದರು, ಮಗುಚಿದರು, ಮುಚ್ಚಳ ತೆಗೆದು ಹಾಕಿ ನೋಡಿದರು.

"ಬಾಯಿವರೆಗೂ ಯಾಕೆ ತುಂಬಿಲ್ಲ?"

"ಬಿಸಿಲಿಗೆ ಪೆಟ್ರೋಲ್ ಉಬ್ಬತ್ತೆ ಸಾರ್. ಉಬ್ಬೋಕೆ ಜಾಗ ಬಿಟ್ಟಿದೀನಿ."

"ತುಂಬೋವಾಗ ಕ್ಯಾನು ಎಲ್ಲಿರತ್ತೆ?"

"ನೆಲದ ಮೇಲೆ. ಗಾಡೀಲಿಟ್ಟು ತುಂಬ್ಸಲ್ಲ. ಎಂಜಿನ್ ಬಿಸಿ ಇರೋವಾಗ ಹತ್ರಕ್ಕೂ ತರಲ್ಲ."

ಇನ್ನೆರಡು ಮರಳಿನ ಬಕೆಟ್ಟು ಇಡಿ, ಗುಡಿಸಲ ಬಾಗಿಲು ಹೊರಗೆ ತೆಗೆಯುವ ಹಾಗಿರಲಿ ಎಂದರು. ಎರಡೂ ಒಳ್ಳೆಯ ಮಾತು. ಅಲ್ಲೇ ಗುಂಡಣ್ಣ ಬಾಗಿಲು ತಿರುಗಿಸಿ ಕೂರಿಸಿದ. ಅವರು ನಿಂತು ನೋಡಿ ರುಜು ಹಾಕಿದರು. ಹಂಡೆಯ ನೀರು ಕುಡಿದರು, ಇನ್ನೊಂದು ಲೋಟ ಕೇಳಿದರು.

ಸಂಕ್ರಾಂತಿಗೆ ನಮ್ಮ ಟೆಂಟು ಶುರು. ಡಂಗುರ ಹೊಡೆಸಲು ಸಾರಕ್ಕಿ, ಉತ್ತರಹಳ್ಳಿ, ಹುಳಿಮಾವಿನ ಕಡೆಗೆ ಜನ ಕಳಿಸಬೇಕು. ಅಣ್ಣನಿಗೂ ಹೇಳಿ ಕಳಿಸಿದೆ. ಚನ್ನಬಸವಯ್ಯನವರನ್ನು ಅವತ್ತೇ ಕರೆದುಕೊಂಡು ಬರುತ್ತಾನಂತೆ.

೧೩ ಜನವರಿ, ಸೋಮವಾರ

ಮಂಡಿ ಊದಿದೆ. ಕೂತು ಬರೆಯುವುದು ಕಷ್ಟ. ಆದರೂ ಬರೆಯದೆ ಇರಲಾರೆ.

ಬಸವನಗುಡಿಯ ಬಂಕಿನಿಂದ ಎರಡು ಕೆಂಪು ಕ್ಯಾನು, ಒಂದು ನೀಲಿ ಪೀಪಾಯಿ ತುಂಬಿಸಿಕೊಂಡು ಮಂಗಮ್ಮ, ನಾನು ಬೈರಣ್ಣನ ಗಾಡಿಯಲ್ಲಿ ಬರುತ್ತಿದ್ದೆವು. ಗಾಡಿಯಲ್ಲಿ ಬೀಡಿ ಸೇದಕೂಡದು ಎಂದು ಬೈರಣ್ಣನಿಗೆ ಹೇಳಿದ್ದೆ, ಅವನು ಪಾಪ ಕಡ್ಡಿಪೆಟ್ಟಿಗೆಯನ್ನೇ ಮನೆಯಲ್ಲಿ ಬಿಟ್ಟು ಬಂದಿದ್ದ. ಜಯನಗರದಲ್ಲಿ ಚರಂಡಿಗೆಂದು ರಸ್ತೆ ಪಕ್ಕ ತೋಡಿದ್ದಾರೆ. ತಿರುವಿನಲ್ಲಿ ಕಲ್ಲು ಕುಟ್ಟುವವರು ಒಲೆ ಹಚ್ಚಿ ಮುದ್ದೆಗೆ ಎಸರಿಟ್ಟಿದ್ದರು. ಹೊಗೆ ಎತ್ತುಗಳ ಮುಖಕ್ಕೆ ಬಂತು, ಬೆದರಿದವು. ಎಡಗಡೆಯ ಗಾಲಿ ಹಳ್ಳಕ್ಕಿಳಿಯಿತು. ಗಾಡಿ ಮಗುಚಿತು.

ನಾನು ಮಣ್ಣಿನ ಮೇಲೆ ಬಿದ್ದೆ. ಕ್ಯಾನುಗಳು ಜಲ್ಲಿಯ ಮೇಲೆ ಬಿದ್ದು ಉರುಳುವ ಸದ್ದು ಕೇಳಿಸಿತು. ಒಂದು ಕ್ಯಾನು ಸೀದಾ ಒಲೆಯ ಕಡೆಗೇ ಹೋಯಿತು. ಒಲೆಗೂ ಅದಕ್ಕೂ ನಡುವೆ ಒಂದು ಮಾರು ಕೂಡ ಇರಲಿಲ್ಲ. ಅಲ್ಲಿದ್ದ ಹೆಂಗಸರು ಮಕ್ಕಳನ್ನು ಎತ್ತಿಕೊಂಡು ಓಡಿದರು. ಓಡಬೇಡ ಎಂದು ನನ್ನ ಕಾಲಿಗೆ ಯಾರು ಹೇಳಿದರೋ, ನಾನು ಆ ಕಡೆಗೇ ಹೋದೆ. ಮಂಗಮ್ಮನೂ ನನ್ನ ಹಿಂದೆಯೇ ಬಂದಳು. ಹಿಡಿಕೆಯ ಒಂದು ಕಡೆ ಅವಳು, ಒಂದು ಕಡೆ ನಾನು. ಎತ್ತಿ ಈಚೆಗೆ ತಂದೆವು. ಬೈರಣ್ಣ ಒಲೆಗೆ ಮಣ್ಣು ಸುರಿದ.

ಆಮೇಲೆ ಒಂದೊಂದನ್ನೂ ಮುಟ್ಟಿ ನೋಡಿದೆ. ಒಂದರ ಭುಜ ತಗ್ಗಾಗಿದೆ. ಪೀಪಾಯಿಗೆ ಗೀರು ಬಿದ್ದಿದೆ. ಬಿದ್ದ ಜಾಗದ ಮಣ್ಣು ಕೈಯಲ್ಲಿ ತೆಗೆದು ಮೂಸಿದೆ. ಬರೀ ಮಣ್ಣಿನ ವಾಸನೆ. ಒಂದು ಹನಿಯೂ ಚೆಲ್ಲಿಲ್ಲ.

ಬಿರಡೆ ಹಾಕಿದ ಆ ಹಳೇ ಡಬ್ಬಗಳಾಗಿದ್ದರೆ ಆ ಒಲೆ, ಆ ಮಕ್ಕಳು, ನಾವು. ಅದನ್ನು ಮುಂದಕ್ಕೆ ಬರೆಯುವುದಿಲ್ಲ.

ಗಾಡಿಯ ಅಚ್ಚು ಮುರಿದಿತ್ತು. ಕಲ್ಲು ಕುಟ್ಟುವವರೇ ಕ್ಯಾನಿಗೆ ಇಬ್ಬಿಬ್ಬರಾಗಿ ಹಿಡಿದರು, ಪೀಪಾಯಿಯನ್ನು ಬೊಂಬಿಗೆ ಕಟ್ಟಿಕೊಂಡರು. ಮೆರವಣಿಗೆಯಂತೆ ಯಡಿಯೂರಿಗೆ ಬಂದೆವು. ಎಲ್ಲರಿಗೂ ನಾಳೆ ಆಟಕ್ಕೆ ಬನ್ನಿ ಎಂದಿದ್ದೇನೆ.

೧೫ ಜನವರಿ, ಬುಧವಾರ

ನೆನ್ನೆಯ ಸಂಜೆಯನ್ನು ಎಲ್ಲಿಂದ ಶುರು ಮಾಡಲಿ?

ಊರಿನಲ್ಲಿ ದನಗಳಿಗೆ ಕಿಚ್ಚು ಹಾಯಿಸಿದ ಕೂಡಲೇ ಜನ ಹೊರಟರು. ಕೊಂಬಿಗೆ ಬಣ್ಣ ಬಳಿದ ಎತ್ತುಗಳ ಗಾಡಿಗಳು ಕೆರೆ ಏರಿಯುದ್ದಕ್ಕೂ. ಹುಳಿಮಾವಿನಿಂದ ಗಾಡಿ, ಉತ್ತರಹಳ್ಳಿಯಿಂದ ಗಾಡಿ. ಕಲ್ಲು ಕುಟ್ಟುವವರು ಹೊಸ ಬಟ್ಟೆಯುಟ್ಟು ಸಂಸಾರ ಸಮೇತ. ಶೆಡ್ಡಿನ ಯಜಮಾನರು ಲಾರಿ ತುಂಬ ಜನ ಕರೆತಂದಿದ್ದರು. ಎಳ್ಳುಬೆಲ್ಲ ಕೊಟ್ಟು ಕೊಟ್ಟು ನನ್ನ ತಟ್ಟೆ ಖಾಲಿಯಾಯಿತು. ಮಂಗಮ್ಮನ ಹಂಡೆ ಎರಡು ಸಲ ಖಾಲಿಯಾಗಿ ಎರಡು ಸಲ ತುಂಬಿತು. ನೀರು ಕುಡಿದವರು "ಈ ಸಲ ನೀರು ಚೆನ್ನಾಗಿದೆ" ಎಂದಾಗಲೆಲ್ಲ ಅವಳು ತಾನೇ ಬಾವಿ ತೋಡಿದವಳಂತೆ ತಲೆಯಾಡಿಸುತ್ತಿದ್ದಳು.

ಗ್ಯಾಸ್‌ಲೈಟಿಗೆ ನೀಲಿ ಪೀಪಾಯಿಯಿಂದ ಎಣ್ಣೆ ಹುಯ್ದು ನಾನೇ ಹಚ್ಚಿದೆ. ಇವರು ಪಕ್ಕದಲ್ಲಿ ನಿಂತಿದ್ದರು. ಉಸಿರು ಹಿಡಿದುಕೊಂಡಿದ್ದರು ಎಂದು ಕಾಣುತ್ತದೆ, ದೀಪ ನೆಟ್ಟಗೆ ಬೆಳ್ಳಗೆ ಹತ್ತಿಕೊಂಡ ಮೇಲೆ ಅದನ್ನು ಬಿಟ್ಟದ್ದು ಕೇಳಿಸಿತು.

ಟಿಕೆಟ್ ಕಿಂಡಿಯಲ್ಲಿ ನಾನು ಕೂತಿರುವಾಗ ಜನರನ್ನು ತಳ್ಳಿಕೊಂಡು ಅಣ್ಣ ಬಂದ. ಜೊತೆಗೆ ಜರಿಪೇಟದ ಹಿರಿಯರೊಬ್ಬರು.

"ಅಮ್ಮಣ್ಣಿ, ಇವರೇ ಚನ್ನಬಸವಯ್ಯನವರು. ನಾವು ಹೇಳಿದ ಬೆಲೆಗೇ ಒಪ್ಪಿದಾರೆ. ಇವತ್ತೇ ಮಾತು ಮುಗಿಸೋಣ ಅಂತಾರೆ."

ಚನ್ನಬಸವಯ್ಯನವರು ಸಾಲನ್ನು ಈ ತುದಿಯಿಂದ ಆ ತುದಿಯವರೆಗೆ ನೋಡುತ್ತಿದ್ದರು. ಕೈಮುಗಿದೆ.

"ಬನ್ನಿ ಸ್ವಾಮಿ, ಎಳ್ಳುಬೆಲ್ಲ ತಗೊಳ್ಳಿ. ಆಟ ನೋಡ್ಕೊಂಡು ಹೋಗಿ."

"ಮಾತು ಏನಮ್ಮ?" ಎಂದರು ಅವರು.

"ನನ್ನ ಟೆಂಟು ಮಾರೋದಿಲ್ಲ ಸ್ವಾಮಿ. ಕುರ್ಚಿ, ಬೆಂಚು ಎಲ್ಲಾ ತುಂಬಿದೆ. ನೆಲದ ಟಿಕೆಟ್ ಎರಡೇ ಉಳ್ದಿದೆ, ಕೊಡ್ಲಾ?"

ಚನ್ನಬಸವಯ್ಯನವರು ಒಂದು ಕ್ಷಣ ನನ್ನ ಮುಖ ನೋಡಿ, ಜೋರಾಗಿ ನಕ್ಕು "ಕೊಡಮ್ಮ" ಎಂದರು. ಜರಿಪೇಟ ತೆಗೆದು ಮಡಿಲಲ್ಲಿಟ್ಟುಕೊಂಡು ಮರಳಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು. ಅಣ್ಣನೂ ಪಕ್ಕದಲ್ಲಿ ಕೂತ.

ಗುಂಡಣ್ಣ ಎಂಜಿನ್ನಿಗೆ ಪೆಟ್ರೋಲ್ ಬಿಟ್ಟು ಹ್ಯಾಂಡಲ್ ತಿರುಗಿಸಿದ. ಕೆಮ್ಮಿತು, ಮತ್ತೆ ಕೆಮ್ಮಿತು, ಹಿಡಿದುಕೊಂಡಿತು. ತೆರೆಯ ಮೇಲೆ ಬೆಳಕು ಬಿದ್ದಾಗ ಟೆಂಟಿನೊಳಗಿನ ಸಿಳ್ಳೆ ಕೇಳಿ ಕೆರೆಯ ಕೊಕ್ಕರೆಗಳು ಎದ್ದಿರಬೇಕು.

ನಾನು ಎಂಜಿನ್ನಿನ ಹತ್ತಿರ ನಿಂತಿದ್ದೆ. ಇವರು ಬಂದು, "ಒಂದು ವಿಷ್ಯ ಗೊತ್ತಾ? ಇಷ್ಟು ವರ್ಷ ಟೆಂಟು ನಡೆಸ್ದೆ, ಒಂದು ಸಿನಿಮಾನೂ ಮೊದಲಿಂದ ಕೊನೇವರೆಗೂ ನೋಡಿಲ್ಲ" ಎಂದರು.

"ನಾನು ಒಂದೂ ನೋಡಿಲ್ಲ. ಈಗ ಎಂಜಿನ್ನು ಯಾರು ನೋಡ್ಕೋತಾರೆ?"

"ನಾನಿಲ್ವಾ ಅಮ್ಮ?" ಎಂದ ಗುಂಡಣ್ಣ. "ಹೋಗಿ ಕೂತ್ಕೊಳ್ಳಿ ಇಬ್ರೂವೆ."

ಜಾಗ ಎಲ್ಲಿತ್ತು? ಕಲ್ಲು ಕುಟ್ಟುವ ಹೆಂಗಸರು ಮಕ್ಕಳನ್ನು ಮಡಿಲಿಗೆಳೆದುಕೊಂಡು ನಮ್ಮಿಬ್ಬರಿಗೆ ಮರಳಿನಲ್ಲಿ ಎಡೆ ಮಾಡಿಕೊಟ್ಟರು. ಇವರ ಕೈ ನನ್ನ ಮಡಿಲಲ್ಲಿಟ್ಟುಕೊಂಡೆ, ಯಾರೂ ತಗಲಬಾರದೆಂದು. ನಾಯಕಿಯನ್ನು ಮನೆಯಿಂದ ಹೊರಗೆ ಹಾಕಿದಾಗ ಇವರು ಅತ್ತರು. ಕಣ್ಣೊರೆಸಿಕೊಳ್ಳಲು ಕೈಯಾಗದು, ನಾನು ಸೆರಗಿನಿಂದ ಒರೆಸಿದೆ. ನಾನೂ ಅಳುತ್ತಿದ್ದೆ. ಇಷ್ಟು ಚೆನ್ನಾಗಿರುತ್ತದೆಂದು ನನಗೆ ಯಾರೂ ಹೇಳಿರಲಿಲ್ಲ.

ಕೊನೆಯವರೆಗೂ ನೋಡಿದೆವು.

೨೦ ಜನವರಿ, ಸೋಮವಾರ

ದಿನಾ ಎರಡಾಟವೂ ತುಂಬುತ್ತಿದೆ, ಬರೆಯಲು ಪುರಸೊತ್ತಿಲ್ಲ. ಇವತ್ತು ಇವರು ಎಡಗೈಯಲ್ಲಿ ಲೋಟ ಹಿಡಿದರು.

ಉತ್ತರಹಳ್ಳಿಯಿಂದ ಇಬ್ಬರು ಯಜಮಾನರು ಬಂದಿದ್ದರು. ತಮ್ಮ ಊರ ಮುಂದಿನ ಬಯಲಿನಲ್ಲೂ ಟೆಂಟು ಹಾಕಿದರೆ ಜಾಗ ಕೊಡುತ್ತಾರಂತೆ. ಇವರು ನನ್ನ ಮುಖ ನೋಡಿದರು. ದಾರಿ ಹೇಗಿದೆ, ಕುಡಿಯುವ ನೀರು ಎಲ್ಲಿ ಸಿಗುತ್ತದೆ ಎಂದು ಕೇಳಿದೆ. ನಾಳೆ ಬೆಳಿಗ್ಗೆ ಬೈರಣ್ಣನ ಗಾಡಿಯಲ್ಲಿ ಹೋಗಿ ನೋಡಿಕೊಂಡು ಬರುತ್ತೇನೆ.

ಇನ್ನೂ ನಾಲ್ಕು ಕ್ಯಾನು ಬೇಕಾಗುತ್ತದೆ.